ದಯೆ ಮತ್ತು ಪಥ್ಯ

ಶರಣಮಾರ್ಗವನ್ನು ಅನುಸರಿಸುವ ಮನೆಗಳಲ್ಲಿ ಒಂದು ಅಂಜಿಕೆ ಆಗಾಗ ತಲೆದೋರುವುದುಂಟು. ಮಗಳು ಗರ್ಭಿಣಿಯಾಗುತ್ತಾಳೆ, ರಕ್ತವನ್ನು ಪರೀಕ್ಷಿಸಿದ ವೈದ್ಯರು ಕಬ್ಬಿಣದ ಅಂಶವೂ ಬಿ-12 ಎಂಬ ಜೀವಸತ್ವವೂ ಕಡಿಮೆಯಾಗಿವೆಯೆಂದು ಹೇಳುತ್ತಾರೆ. ಮಾಂಸ ತಿನ್ನದಿದ್ದರೆ ಬಲವೆಲ್ಲಿಂದ ಬಂದೀತೆಂದು ನೆರೆಹೊರೆಯವರು ಕೇಳುತ್ತಾರೆ. ತಾಯಿಯು ಕೊರಳಿನ ಲಿಂಗವನ್ನು ಮುಟ್ಟಿಕೊಂಡು, ವ್ರತವನ್ನು ಉಳಿಸಿಕೊಳ್ಳಬೇಕೋ ಮಗಳನ್ನು ಉಳಿಸಿಕೊಳ್ಳಬೇಕೋ ಎಂದು ತೊಳಲುತ್ತಾಳೆ. ಮಾಂಸವು ವಿಷವೆಂದು ಗುಡುಗಿಬಿಟ್ಟರೆ ಆಕೆಗೆ ಉತ್ತರ ಕೊಟ್ಟಂತಾಗದು.

ಮೊದಲು ನಿಜವನ್ನು ಒಪ್ಪಬೇಕು. ಮಾಂಸದಲ್ಲಿ ಉತ್ತಮವಾದ ಸಸಾರಜನಕವಿದೆ. ಅದರೊಳಗಿನ ಕಬ್ಬಿಣವು ಕಾಳುಗಳ ಕಬ್ಬಿಣಕ್ಕಿಂತ ಸುಲಭವಾಗಿ ರಕ್ತಗತವಾಗುತ್ತದೆ. ಹಾಗೆಂದು ಅದು ನಿರಪಾಯವಾದುದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2015ರಲ್ಲಿ, ಉಪ್ಪು ಹಾಕಿ, ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವು ಸುಮಾರು ಶೇಕಡಾ 18ರಷ್ಟು ಹೆಚ್ಚುವುದೆಂದು ಅದರ ಅಂದಾಜು. ಕುರಿ, ದನ, ಹಂದಿಗಳ ಕೆಂಪು ಮಾಂಸದ ವಿಷಯದಲ್ಲಿ ಕ್ಯಾನ್ಸರು ಬಹುಶಃ ಬರಬಹುದೆಂದಷ್ಟೇ ಹೇಳಿತು.

ಆದರೆ ಶರಣರು ಮಾಂಸವನ್ನು ಬಿಟ್ಟುದು ರೋಗಭಯದಿಂದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ದಯೆಯನ್ನು ಧರ್ಮಕ್ಕೆ ಅಡಿಗಲ್ಲಾಗಿಟ್ಟಾಗ ದೇಹದ ಲಾಭನಷ್ಟಗಳ ಲೆಕ್ಕ ಹಾಕಲಿಲ್ಲ. ನಾಳೆ ಯಾವ ವಿಜ್ಞಾನಿಯು ಮಾಂಸವೇ ಪರಮೌಷಧವೆಂದು ಸಾಧಿಸಿದರೂ ಕೊಲ್ಲಲಾರದ ಮನಸ್ಸು ಕೊಲ್ಲಲಾರದು. (ಮಾಂಸ ತಿನ್ನುವ ನೆರೆಯವನನ್ನು ಹೀನನೆಂದು ಕಾಣುವಲ್ಲಿಯೂ ಆ ದಯೆ ಇರಲಾರದು.) ಹಾಗೆಯೇ, ಮಾಂಸ ಮುಟ್ಟದ ಮಾತ್ರಕ್ಕೆ ದೇಹವು ತಾನಾಗಿ ನಿರೋಗಿಯಾಗುವುದೂ ಇಲ್ಲ. ದಯೆ ಒಂದು, ಪಥ್ಯ ಇನ್ನೊಂದು.

ಕೊಬ್ಬಿನ ವಿಚಾರವನ್ನೇ ನೋಡಬಹುದು. ಹಂದಿಯ ಕೊಬ್ಬೆಂದರೆ ಭಕ್ತನು ಕಿವಿ ಮುಚ್ಚಿಕೊಳ್ಳುತ್ತಾನೆ. ತಣ್ಣಗಾದಾಗ ಹೆಪ್ಪುಗಟ್ಟುವ, ವೈದ್ಯರು ಸ್ಯಾಚುರೇಟೆಡ್ ಎಂದು ಕರೆಯುವ ಅಂಶವು ಅದರಲ್ಲಿ ಶೇಕಡಾ 40ರಷ್ಟಿದ್ದರೆ, ಹೋಳಿಗೆಯ ಮೇಲೆ ಸುರಿದುಕೊಳ್ಳುವ ತುಪ್ಪದಲ್ಲಿ ಶೇಕಡಾ 60ರಷ್ಟಿದೆ. ಕೊಬ್ಬರಿ ಎಣ್ಣೆಯಲ್ಲಿ 80ಕ್ಕೂ ಮೇಲೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುವುದು ಇದೇ ಜಾತಿಯ ಕೊಬ್ಬು. ಇದು ಆಕಳಿನದೋ ಹಂದಿಯದೋ ಎಂದು ಹೃದಯದ ರಕ್ತನಾಳವು ಕುಲ ಕೇಳುವುದಿಲ್ಲ. ವನಸ್ಪತಿಯು ಹೆಸರಿಗೆ ಸಸ್ಯಜನ್ಯವೇ. ಅದರೊಳಗಿನ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತಲೂ ಕೇಡೆಂದು ತಿಳಿದು, 2022ರಿಂದ ಅದಕ್ಕೆ ಶೇಕಡಾ 2ರ ಮಿತಿ ಹಾಕಬೇಕಾಯಿತು. ಸಕ್ಕರೆಯಲ್ಲಿ, ಕರಿದ ತಿಂಡಿಗಳಲ್ಲಿ ಮಾಂಸದ ಸೋಂಕಿಲ್ಲ. ಅವು ಅತಿಯಾದರೆ ಮೈ ಬೆಳೆದು ಮಧುಮೇಹಕ್ಕೆ ದಾರಿಯಾಗುತ್ತದೆ. ಹಬ್ಬದ ದಿನ ಒಂದು ಚಮಚ ತುಪ್ಪ ಬೇಡವೆಂದು ಯಾರೂ ಹೇಳರು.

ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ. ಅದನ್ನು ಎಡೆಯಲ್ಲಿ ಬಿಡಬಾರದು. ಈ ನಿಯಮವನ್ನೇ ನೆಪಮಾಡಿಕೊಂಡು ಹೊಟ್ಟೆ ಬಿರಿಯುವಂತೆ ಉಣ್ಣುವವರಿದ್ದಾರೆ. ಬಿಡಬಾರದಾದುದರಿಂದ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ.

ಇನ್ನು ಆ ತಾಯಿಯ ಮಾತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು—ಉತ್ತರ ಕರ್ನಾಟಕದ ಈ ಊಟವು ಬಡವಾದುದಲ್ಲ. ಧಾನ್ಯಕ್ಕೆ ಕಾಳು ಕೂಡಿದರೆ ಒಂದರ ಸಸಾರಜನಕದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣವು ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹ ಕುಡಿದರೆ ಬಹುಪಾಲು ವ್ಯರ್ಥವಾಗುತ್ತದೆ. ಗರ್ಭಿಣಿಯು ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನಂತೂ ಬಿಡಲಾಗದು.

ಬಿ-12 ಮಾತ್ರ ಕಾಳುಸೊಪ್ಪುಗಳಲ್ಲಿ ದೊರೆಯದು. ಹಾಲುಮೊಸರುಗಳಲ್ಲಿ ಸ್ವಲ್ಪವಿದೆ, ಎಲ್ಲರಿಗೂ ಅದು ಸಾಲದು. ಆದರೆ ಅದನ್ನು ಯಾವ ಪ್ರಾಣಿಯೂ ತಾನಾಗಿ ಉಂಟುಮಾಡುವುದಿಲ್ಲ. ಆಕಳ ಹೊಟ್ಟೆಯೊಳಗೆ ವಾಸಿಸುವ ಸೂಕ್ಷ್ಮಾಣುಗಳು ಉಂಟುಮಾಡುತ್ತವೆ. ಔಷಧದ ಕಾರ್ಖಾನೆಗಳಲ್ಲಿಯೂ ಸೂಕ್ಷ್ಮಾಣುಗಳನ್ನು ಬೆಳೆಸಿ, ಹಿಟ್ಟು ಹುದುಗಿಸುವಂತೆ ಹುದುಗಿಸಿಯೇ ಅದನ್ನು ಪಡೆಯುತ್ತಾರೆ. ಆದುದರಿಂದ ಗುಳಿಗೆಯನ್ನು ನುಂಗಿದರೆ ವ್ರತಭಂಗವಿಲ್ಲ. ಕ್ಯಾಪ್ಸೂಲಿನ ಹೊರಕವಚವು ಮಾತ್ರ ಬಹಳ ಸಲ ಪ್ರಾಣಿಗಳ ಚರ್ಮ ಎಲುಬುಗಳಿಂದ ತೆಗೆದ ಜೆಲಾಟಿನ್ ಆಗಿರುತ್ತದೆ. ಔಷಧದ ಅಂಗಡಿಯಲ್ಲಿ ವಿಚಾರಿಸಿ ಗುಳಿಗೆಯನ್ನೇ ತರಬಹುದು. ಕೊರತೆ ಹೆಚ್ಚಾಗಿದ್ದರೆ ವೈದ್ಯರು ಸೂಜಿಮದ್ದನ್ನು ಕೊಡುತ್ತಾರೆ.