ಪಾಪದ ಪಾಲು

ಸಾಕಿದ ಪ್ರಾಣಿಯನ್ನು ಕೊಲ್ಲುವವನ ಕೈಗೆ ಕೊಡುವುದು ಪಾಪವೋ ಅಲ್ಲವೋ? ಹಳೆಯ ಪ್ರಶ್ನೆ. ಈ ದೇಶದಲ್ಲಿ ಇದಕ್ಕೆ ಉತ್ತರ ಹೇಳಿದವರು ಬಹಳ ಮಂದಿ. ಆದರೆ ಈ ಪ್ರಶ್ನೆಯನ್ನು ಯಾರು ಕೇಳುತ್ತಾರೆ, ಯಾರನ್ನು ಕೇಳುತ್ತಾರೆ, ಕೇಳಿದವನು ಅವತ್ತು ಮಧ್ಯಾಹ್ನ ಏನು ಉಂಡಿದ್ದ ಎಂದು ವಿಚಾರಿಸಿದವರು ಕಡಿಮೆ. ದಯೆ ಬೇಡವೆಂದು ವಾದಿಸಲು ನಾನು ಇದನ್ನು ಬರೆಯುತ್ತಿಲ್ಲ. ದಯೆಯ ಲೆಕ್ಕ ಬರೆಯುವವರು ಯಾವಾಗಲೂ ಬಡವರ ಹೆಸರಿಗೇ ಬಾಕಿ ಬರೆದು ಪುಸ್ತಕ ಮುಚ್ಚುತ್ತಾರಲ್ಲ, ಅದರ ಬಗ್ಗೆ ನನ್ನ ತಕರಾರು.

ಕಳೆದ ಚಳಿಗಾಲದ ಒಂದು ಭಾನುವಾರ ಕಲಬುರಗಿಯಿಂದ ಐದು ಜನ ಗಾಡಿ ಮಾಡಿಕೊಂಡು ಕೊಡೇಕಲ್ಲಿಗೆ ಹೋಗಿದ್ದೆವು. ಜೇವರ್ಗಿ, ಶಹಾಪುರ, ಸುರಪುರ, ಹುಣಸಗಿ ದಾಟಿ ಹೋಗಬೇಕು. ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಊರು ಅದು. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಜಾಗ. ನಾವು ಹೋದದ್ದು ದರ್ಶನಕ್ಕಲ್ಲ. ಆಡು ಸಾಕಿದರೆ ಭಾರಿ ಲಾಭ ಎಂದು ಮೊಬೈಲಿನ ವಿಡಿಯೋ ನೋಡಿ ಲೆಕ್ಕ ಹಾಕಿದ್ದ ಒಬ್ಬ ಗೆಳೆಯನಿಗೆ ಒಂದು ಫಾರಂ ಕಣ್ಣಾರೆ ಕಾಣಬೇಕಿತ್ತು.

ಫಾರಂ ಅಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಇಪ್ಪತ್ತೆರಡು ಆಡು. ಹೆಚ್ಚಿನವು ಕರಿಯ ಉಸ್ಮಾನಾಬಾದಿ. ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವದ ಕಡೆಯ ತಳಿ. ಐದು ತಿಂಗಳಿಗೆ ಈಯುತ್ತದೆ, ಅವಳಿ ಮರಿ ಹಾಕುವುದೂ ಉಂಟು. ಜಾಲಿ, ಬೇವು, ಬಾರಿಗಿಡ, ಸಿಕ್ಕಿದ್ದನ್ನು ಮೇದು ಬದುಕುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಹೊಲವಿಲ್ಲದವರ, ತುಂಡು ಹೊಲದವರ ಅಂಗಳದಲ್ಲೇ ಇರುವುದು.

ಗೆಳೆಯ ಒಂದು ಮರಿಯನ್ನು ಎತ್ತಿ ಎದೆಗೆ ಅವಚಿಕೊಂಡು ಫೋಟೋ ತೆಗೆಸಿಕೊಂಡ. ಆಮೇಲೆ ಫಾರಮ್ಮಿನ ಹೆಣ್ಣುಮಗಳನ್ನು ಕೇಳಿದ: ‘ಇಷ್ಟು ಮುದ್ದಿಲೆ ಸಾಕಿ ಕಟುಕರಿಗೆ ಮಾರಾಕ ಮನಸ್ಸರ ಹ್ಯಾಂಗ ಬರ್ತದ ಅಕ್ಕಾ?’ ದಾರಿಯ ಹೋಟೆಲಿನ ಮಟನ್ ಸಾರು ಆಗ ನಮ್ಮ ಐವರ ಹೊಟ್ಟೆಯಲ್ಲೂ ಇತ್ತು.

ಆಕೆ ನೇರ ಉತ್ತರ ಹೇಳಲಿಲ್ಲ. ತನ್ನ ಲೆಕ್ಕ ಹೇಳಿದಳು. ಕೈಯಲ್ಲಿ ಏನೂ ಇಲ್ಲದಾಗ ದೊಡ್ಡ ಹೊಲದವರ ಮನೆಯಿಂದ ಎರಡು ಆಡು ಪಾಲಿಗೆ ತಂದಿದ್ದಳಂತೆ. ತಾಯಿ ಆಡು ಅವರದು, ಮೇಯಿಸುವ ಕೆಲಸ ಈಕೆಯದು, ಹುಟ್ಟಿದ ಮರಿಯಲ್ಲಿ ಅವರಿಗೆ ಅರ್ಧ, ಈಕೆಗೆ ಅರ್ಧ. ಆಡು ಸತ್ತರೆ ಚರ್ಮ ತಂದು ತೋರಿಸಬೇಕು. ಇಲ್ಲದಿದ್ದರೆ ಮಾರಿಕೊಂಡಳು ಅನ್ನುತ್ತಾರೆ. ಹಾಗೆ ಪಾಲಿನ ಮರಿ ಕೂಡಿಸಿ, ಸಂಘದ ಸಾಲ ಸೇರಿಸಿ, ಈ ಶೆಡ್ಡು. ಒಂದು ವರ್ಷ ಪಿಪಿಆರ್ ಬೇನೆ ಬಂತು. ಜ್ವರ, ಬಾಯಿಹುಣ್ಣು, ಭೇದಿ. ಒಂದಕ್ಕೆ ಬಂದರೆ ಹಿಂಡಿಗೇ ಹತ್ತುವ ಬೇನೆ. ಲಸಿಕೆ ಇದೆ. 2030ರೊಳಗೆ ಈ ರೋಗವನ್ನು ಭೂಮಿಯ ಮೇಲಿಂದಲೇ ತೆಗೆಯಬೇಕೆಂದು ಜಗತ್ತಿನ ಸಂಸ್ಥೆಗಳು 2015ರಲ್ಲಿ ಗುರಿ ಇಟ್ಟುಕೊಂಡವು. ಆದರೆ ಆ ವರ್ಷ ಅವಳ ಹಿಂಡಿಗೆ ಲಸಿಕೆ ಬರುವ ಮೊದಲು ಬೇನೆಯೇ ಬಂದಿತ್ತು. ರಾತ್ರಿಯೆಲ್ಲ ಗಂಜಿ ಕುಡಿಸುತ್ತಾ ಶೆಡ್ಡಿನಲ್ಲೇ ಕೂತಳು. ಉಳಿದವು ಉಳಿದವು, ಹೋದವು ಹೋದವು.

ಕಡೆಗೆ ಅಂದಳು: ‘ಪಾಪ ಅಂತೀರಿ. ಆಗವಲ್ದ್ಯಾಕ, ಪಾಪಾನೇ. ಮರಿ ಹಾಕಿದ್ರ ಪಾಲು ಕೇಳಾಕ ಬರ್ತಾರ. ರೊಕ್ಕ ಬಂದ್ರ ಪಾಲು ಕೇಳಾಕ ಬರ್ತಾರ. ಪಾಪದಾಗ ಪಾಲು ಕೇಳಾಕ ಮಾತ್ರ ಯಾರೂ ಬರಂಗಿಲ್ಲ ನೋಡ್ ತಮ್ಮಾ.’

ಗೆಳೆಯರೇ, ನಾನು ಓದಿದ ನೀತಿಶಾಸ್ತ್ರದಲ್ಲಿ ಈ ಪ್ರಶ್ನೆ ಇರಲಿಲ್ಲ. ಪಾಪ ಮಾಡಿದವನದು, ಕರ್ಮ ಮಾಡಿದವನದು ಎಂದಷ್ಟೇ ಇತ್ತು. ವಾಲ್ಮೀಕಿ ಮೊದಲು ದರೋಡೆಕಾರನಾಗಿದ್ದ ಎಂಬ ಕತೆಯನ್ನೇ ನೋಡಿ. ಸುರಪುರ ಬೇಡ ನಾಯಕರು ಆಳಿದ ಸೀಮೆ, 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕನ ಸೀಮೆ. ತಮ್ಮ ಕವಿಯನ್ನು ಕಳ್ಳನನ್ನಾಗಿ ಮಾಡಿದ ಆ ಕತೆಯನ್ನು ನಾಯಕ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಕತೆ ಕಟ್ಟಿದವರ ತರ್ಕವನ್ನು ಗಮನಿಸಬೇಕು. ‘ನಾನು ತಂದದ್ದನ್ನು ಉಂಡಿರಿ, ನನ್ನ ಪಾಪದಲ್ಲಿ ಪಾಲು ತಗೊಳ್ತೀರಾ’ ಎಂದು ಅವನು ಹೆಂಡತಿ ಮಕ್ಕಳನ್ನು ಕೇಳುತ್ತಾನೆ. ಇಲ್ಲ ಎನ್ನುತ್ತಾರೆ. ಕತೆ ಅವರನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಉಂಡವರು ಶುದ್ಧ. ತಂದವನು ಹುತ್ತದೊಳಗೆ ಕೂರಬೇಕು. ಇದು ಬರೀ ಕತೆಯಲ್ಲ, ನಮ್ಮ ಸಮಾಜದ ಆಡಳಿತ ಕ್ರಮ. ಸತ್ತ ದನ ಎಳೆದವನು ಮೈಲಿಗೆ, ಅದರ ಚರ್ಮದ ಚಪ್ಪಲಿ ಮೆಟ್ಟಿದವನು ಮಡಿ.

ಕಲ್ಯಾಣದ ಬಸವಣ್ಣನಿಗೆ ಈ ಮೋಸ ಹನ್ನೆರಡನೆಯ ಶತಮಾನದಲ್ಲೇ ಕಂಡಿತ್ತು. ಬಲಿಗೆ ಹೊರಟ ಹೋತಕ್ಕೆ ಅವನು ಅಳಲು ಹೇಳುತ್ತಾನೆ. ಯಾರೆದುರು ಅಳಬೇಕು? ಕಾಯ್ದವನೆದುರಲ್ಲ, ಕತ್ತಿ ಹಿಡಿದ ಆಳಿನೆದುರಲ್ಲ. ಕೊಲೆಗೆ ಮಂತ್ರದ ಬೆಂಬಲ ಕೊಟ್ಟ ಓದಿದವರೆದುರು. ಪ್ರಶ್ನೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅವನು ತಿಳಿದಿದ್ದ.

‘ನಾನು ಮಾಂಸ ಮುಟ್ಟುವುದಿಲ್ಲ, ನನಗೆ ಪಾಲಿಲ್ಲ’ ಎನ್ನುವವರು ಇದ್ದಾರೆ. ಮನಸ್ಸಾರೆ ಬಿಟ್ಟವರನ್ನು ನಾನು ಗೌರವಿಸುತ್ತೇನೆ. ಆದರೆ ಲೆಕ್ಕ ಅಷ್ಟಕ್ಕೇ ತೀರುವುದಿಲ್ಲ. ಹಾಲು ಕುಡಿದವನು ಗಂಡುಕರು ಎಲ್ಲಿ ಹೋಯಿತೆಂದು ಕೇಳಿದ್ದಾನೆಯೇ? ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತ ಬಂತು. ಭತ್ತ ಬಂದ ಕಡೆ ಬೀಳು ಹೊಲ ಹೋಯಿತು. ಹೊಲ ಇದ್ದವನಿಗೆ ಎರಡು ಬೆಳೆ. ಹೊಲ ಇಲ್ಲದವನಿಗೆ ಗುಳೆ: ಬೆಂಗಳೂರು, ಪುಣೆ, ಮುಂಬಯಿ. ಊರಲ್ಲೇ ಉಳಿದವಳು ಆಡು ಮೇಯಿಸಲು ಕಾಲುವೆ ದಂಡೆಗೆ ಹೋದರೆ ಬೈಸಿಕೊಳ್ಳಬೇಕು. ಆ ಅಕ್ಕಿಯ ಅನ್ನ ಉಂಡವನಿಗೂ ಈ ಲೆಕ್ಕದಲ್ಲಿ ಒಂದು ಪಾಲಿದೆ.

ಇನ್ನು ನಮ್ಮ ಕಡೆಯ ಮಾತು. ಬಡತನ ಅಂದುಬಿಟ್ಟರೆ ಎಲ್ಲ ತೀರಿತು ಎಂದು ನಾವೂ ತಿಳಿಯುವುದುಂಟು. ಹಾಗಲ್ಲ. ಆಡಿಗೆ ಅದರ ಪ್ರಾಣ ದೊಡ್ಡದೇ. ನಮ್ಮ ಹಸಿವಿನಿಂದ ಅದರ ನೋವು ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಕಾಲೇಜಿನ ಮೊದಲ ವರ್ಷದ ಫೀಸು ಎರಡು ಹೋತ. ಅವ್ವ ಅವನ್ನು ಸಂತೆಗೆ ಹೊಡೆದುಕೊಂಡು ಹೋದ ದಿನ ನಾನು ಅರ್ಜಿ ತುಂಬುತ್ತಿದ್ದೆ. ಆ ಪಾಪ ಅವ್ವನದು, ಓದು ಮಾತ್ರ ನನ್ನದು ಎಂದರೆ ನಾನೂ ಆ ಕತೆಯ ಮನೆಯವರ ಸಾಲಿಗೇ ಸೇರುತ್ತೇನೆ. ನನ್ನ ಪಾಲು ನಾನು ಒಪ್ಪುತ್ತೇನೆ.

ಒಪ್ಪಿದ ಮೇಲೆ ಮಾಡುವುದೇನು? ಕಣ್ಣೀರು ಹಾಕುವುದಲ್ಲ. ಸಂತೆಯಲ್ಲಿ ಆಡನ್ನು ತೂಗುವುದಿಲ್ಲ. ದಲ್ಲಾಳಿ ಬೆನ್ನು ಒತ್ತಿ, ಸೊಂಟ ಹಿಡಿದು, ಅಂದಾಜಿಗೆ ಬೆಲೆ ಕಟ್ಟುತ್ತಾನೆ. ಅದೇ ಆಡು ಪಟ್ಟಣದ ಅಂಗಡಿಗೆ ಬಂದಾಗ ತಕ್ಕಡಿ ಬರುತ್ತದೆ, ಗ್ರಾಂ ಲೆಕ್ಕ ಬರುತ್ತದೆ. ಜೀವ ಇರುವಾಗ ಅಂದಾಜು, ಸತ್ತ ಮೇಲೆ ತೂಕ. ನಡುವಿನ ಲಾಭ ಸಾಕಿದವಳಿಗಲ್ಲ. ದಯೆ ಇದ್ದವರು ಮೊದಲು ಸಂತೆಗೆ ತಕ್ಕಡಿ ಕೇಳಲಿ. ಬೇನೆಗಿಂತ ಮೊದಲು ಲಸಿಕೆ ಬರಲೆಂದು ಕೇಳಲಿ. ಕಾಲು ಕಟ್ಟಿ ಲಾರಿಯಲ್ಲಿ ಒಂದರ ಮೇಲೊಂದು ಒಟ್ಟಿ, ನೀರಿಲ್ಲದೆ ನೂರಾರು ಮೈಲಿ ಸಾಗಿಸುವುದನ್ನು ನಿಲ್ಲಿಸಿ ಎಂದು ಕೇಳಲಿ. ಊರಿನ ಗಾಯರಾಣ ಯಾರ ಪಹಣಿಗೆ ಸೇರಿತೆಂದು ಕೇಳಲಿ. ಇವೆಲ್ಲ ಆಡಿಗೂ ಒಳ್ಳೆಯದು, ಸಾಕಿದವಳಿಗೂ ಒಳ್ಳೆಯದು. ಕೇಳುವವನಿಗೆ ಮಾತ್ರ ಸ್ವಲ್ಪ ಖರ್ಚು. ಮಾಂಸದ ಬೆಲೆ ಏರಬಹುದು, ತಟ್ಟೆಯಲ್ಲಿ ತುಂಡು ಕಡಿಮೆಯಾಗಬಹುದು, ಹೊಲದವರ ಜೊತೆ ನಿಷ್ಠುರ ಆಗಬಹುದು.

ಆ ಖರ್ಚಿಗೆ ತಯಾರಿಲ್ಲದವನು ‘ಮನಸ್ಸು ಹ್ಯಾಂಗ ಬರ್ತದ’ ಎಂದು ಆಕೆಯನ್ನು ಕೇಳುವ ಹಕ್ಕನ್ನು ಇನ್ನೂ ಸಂಪಾದಿಸಿಲ್ಲ. ಪಾಪ ಎನ್ನುವುದು ಇದ್ದರೆ ಅದನ್ನೂ ಪಾಲು ಹಾಕಿ. ಉಂಡವರು, ಮಾರಿಸಿದವರು, ತೂಕದಲ್ಲಿ ನುಂಗಿದವರು, ಓದಿ ನೌಕರಿ ಹಿಡಿದವರು, ಎಲ್ಲರ ಹೆಸರೂ ಪುಸ್ತಕದಲ್ಲಿ ಬರಲಿ. ಆಮೇಲೆ ಉಳಿದದ್ದೆಷ್ಟೋ ಅಷ್ಟು ಅವಳದು. ಅಷ್ಟನ್ನು ಅವಳು ಹೊರುತ್ತಾಳೆ. ಇಷ್ಟು ದಿನ ಅವಳು ಪೂರಾ ಹೊರೆಯನ್ನೇ ಹೊತ್ತಿದ್ದಾಳೆ.