ಕಾವಲಿನವನ ಕಟುತನ, ಕಾವಲಿನವನ ಖಳತನ

ಅಮೆರಿಕದ ‘ಪ್ರಿಸನ್ ಬ್ರೇಕ್’ ಧಾರಾವಾಹಿ 2005ರಲ್ಲಿ ಶುರುವಾಯಿತು. ಅದರಲ್ಲಿ ಫಾಕ್ಸ್ ರಿವರ್ ಜೈಲಿನ ಕಾವಲು ಪಡೆಯ ಕ್ಯಾಪ್ಟನ್ ಬ್ರ್ಯಾಡ್ ಬೆಲಿಕ್‌ನನ್ನು ನೋಡಿದವರು ಅವನನ್ನು ಖಳನೆಂದು ತೀರ್ಮಾನಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಗದರುತ್ತಾನೆ, ಹೀಯಾಳಿಸುತ್ತಾನೆ, ಎಲ್ಲರನ್ನೂ ಅನುಮಾನದಿಂದ ನೋಡುತ್ತಾನೆ. ಆದರೆ ಇಷ್ಟಕ್ಕೇ ಒಬ್ಬನನ್ನು ಖಳ ಎನ್ನಬಹುದೇ? ಆ ಕತೆಯ ನಾಯಕ ಜೈಲಿಗೆ ಬಂದಿರುವುದೇ ಅಣ್ಣನನ್ನು ಬಿಡಿಸಿಕೊಂಡು ಓಡಿಹೋಗಲು. ಅವನ ಮೇಲೆ ಕಣ್ಣಿಡುವುದು, ಕೋಣೆ ಜಾಲಾಡುವುದು, ಮಾತಿಗೆ ಮರುಳಾಗದಿರುವುದು ಬೆಲಿಕ್‌ನ ನೌಕರಿ. ಕ್ಯಾಮೆರಾ ಕೈದಿಯ ಪಕ್ಕದಲ್ಲಿ ಕೂತಿದೆ ಎಂಬ ಒಂದೇ ಕಾರಣಕ್ಕೆ ಕಾವಲಿನವನ ಕರ್ತವ್ಯ ನಮಗೆ ಅಪರಾಧವಾಗಿ ಕಾಣಕೂಡದು. ಆದರೂ ಬೆಲಿಕ್ ಖಳನೇ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಪುರಾವೆ ಅವನ ಗದರಿಕೆಯಲ್ಲಿಲ್ಲ, ಅವನು ವಸೂಲಿ ಮಾಡುವ ಮಾಮೂಲಿನಲ್ಲಿದೆ. ಮಾಫಿಯಾದ ಕೈದಿ ಅಬ್ರೂಜಿಯಿಂದ ತಿಂಗಳು ತಿಂಗಳು ಹಣ ಬರುವವರೆಗೆ ಜೈಲಿನ ಕೆಲಸದ ತಂಡ ಅಬ್ರೂಜಿಯ ಕೈಯಲ್ಲಿರುತ್ತದೆ. ಹಣ ನಿಂತ ಕೂಡಲೇ ಅದು ಅವನ ಕೈತಪ್ಪುತ್ತದೆ. ಸರ್ಕಾರ ನಂಬಿ ಕೊಟ್ಟ ಬೀಗದ ಕೈಯನ್ನು ಬೆಲಿಕ್ ಸ್ವಂತ ಆಸ್ತಿಯಂತೆ ಬಾಡಿಗೆಗೆ ಬಿಟ್ಟಿದ್ದಾನೆ.

ನಮ್ಮ ದೇಶದ ಕಾನೂನಿನಲ್ಲಿ ಈ ಗೆರೆ ಬಹಳ ಸ್ಪಷ್ಟವಾಗಿಯೇ ಇತ್ತು. 1894ರ ಕಾರಾಗೃಹ ಕಾಯ್ದೆಯ ಪ್ರಕಾರ ಕೈದಿಗೆ ಶಿಕ್ಷೆ ವಿಧಿಸುವ ಅಧಿಕಾರ ಸೂಪರಿಂಟೆಂಡೆಂಟನದು. ಅವನ ಕೈಕೆಳಗಿನ ಯಾವ ನೌಕರನಿಗೂ ಅದಿಲ್ಲ. ಕೊಟ್ಟ ಶಿಕ್ಷೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಅಂದರೆ ಕಾವಲಿನವನು ಎಷ್ಟೇ ಬಿಗಿಯಾಗಿರಲಿ, ತಾನಾಗಿ ಒಂದು ಪೆಟ್ಟು ಕೊಟ್ಟರೂ ಅದು ಅವನದಲ್ಲದ ಅಧಿಕಾರ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದದ್ದು ಇಂಥದ್ದರ ಬಗ್ಗೆಯೇ: ಹಣ ಕೀಳುವುದಕ್ಕಾಗಿ ಇನ್ನೊಬ್ಬ ಕೈದಿಯನ್ನು ಹೆಡ್ ವಾರ್ಡರ್ ಹಿಂಸಿಸಿದನೆಂಬ ದೂರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ 1979ರಲ್ಲಿ ತೀರ್ಪು ಕೊಟ್ಟಿತು. ಇದರ ಎದುರಿಗೆ 2024ರ ಆಗಸ್ಟ್ ತಿಂಗಳನ್ನು ಇಟ್ಟು ನೋಡಬೇಕು. ಪರಪ್ಪನ ಅಗ್ರಹಾರದ ಜೈಲಿನಲ್ಲಿ ವಿಚಾರಣಾಧೀನ ಚಿತ್ರನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಹಿಡಿದು ಕೂತಿದ್ದ ಫೋಟೊ ಹೊರಬಿದ್ದು, ಜೈಲಿನ ಹಲವು ಅಧಿಕಾರಿಗಳು ಅಮಾನತಾದರು. ಆ ಚಿತ್ರದಲ್ಲಿ ಕಟುತನದ ಸುಳಿವೂ ಇಲ್ಲ. ಆದರೂ ಅದನ್ನು ನೋಡಿ ನಾಡಿಗೆ ನಾಡೇ ಸಿಟ್ಟಾದದ್ದು ಸರಿಯಾಗಿತ್ತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಕ್ರೌರ್ಯ ಸೌಮ್ಯವಾಗುತ್ತದೆಯೇ? ಅದೇ 1894ರ ಕಾಯ್ದೆ ಮೂವತ್ತು ಏಟಿನವರೆಗೆ ಹೊಡೆಸಲು ಅನುಮತಿ ಕೊಟ್ಟಿತ್ತು; ಬೆತ್ತ ಅರ್ಧ ಇಂಚಿಗಿಂತ ತೆಳ್ಳಗಿರಬಾರದು ಎಂದು ಅಳತೆಯನ್ನೂ ಹೇಳಿತ್ತು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿ ಅವರ ಪಾಡು ಇನ್ನೂ ಹತ್ತಿರದ್ದು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ತೀವ್ರ ಉಬ್ಬಸವಿದ್ದ ಆ ಹೆಣ್ಣುಮಗಳು ಎಂಟು ತಿಂಗಳು ಅಲ್ಲಿದ್ದರು. ಹಾಗಿದ್ದೂ ಉಳಿದ ಹೆಣ್ಣು ಕೈದಿಗಳನ್ನು ಹೊಡೆಯುವುದರ ವಿರುದ್ಧ ದನಿ ಎತ್ತಿದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಇಲ್ಲಿ ಬೆಲಿಕ್‌ನಂಥ ಅಬ್ಬರದ ಕ್ಯಾಪ್ಟನ್ ಯಾರೂ ಬೇಕಾಗಲಿಲ್ಲ. ಆಜ್ಞೆ ಇತ್ತು, ಸಹಿ ಇತ್ತು, ಮೀಸಾ ಎಂಬ ಕಾಯ್ದೆ ಇತ್ತು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ನನ್ನ ವಾದ ಬೀಳುವುದಿಲ್ಲ. ಆಜ್ಞೆ ಕ್ರೂರವೆಂದರೆ ಅದು ಸರ್ಕಾರದ ಮೇಲಿನ ತೀರ್ಪು. ಒಬ್ಬ ಖಳನೆಂದರೆ ಅದು ಮನುಷ್ಯನ ಮೇಲಿನ ತೀರ್ಪು. ಎರಡನ್ನೂ ಕಲಸಿದರೆ ಬೆಲಿಕ್‌ನ ಬೆನ್ನ ಹಿಂದೆ ಸರ್ಕಾರ ಅಡಗಿಕೊಳ್ಳುತ್ತದೆ, ಸರ್ಕಾರದ ಬೆನ್ನ ಹಿಂದೆ ಬೆಲಿಕ್. ಕ್ರೂರ ಆಜ್ಞೆಯ ಕೆಳಗೂ ಕಾವಲಿನವನ ಪಾಲಿಗೆ ಒಂದಿಷ್ಟು ಜಾಗ ಉಳಿದೇ ಇರುತ್ತದೆ. ಅಸ್ವಸ್ಥನಾಗಿ ಕಂಡ ಕೈದಿಯ ಸಂಗತಿಯನ್ನು ತಡಮಾಡದೆ ಜೈಲರಿಗೆ ತಿಳಿಸಬೇಕೆಂದು ಬೆತ್ತದ ದಪ್ಪ ಹೇಳಿದ ಅದೇ ಕಾಯ್ದೆ ಹೇಳುತ್ತದೆ. ಹಾಗೆ ತಿಳಿಸಿದವನನ್ನೂ, ಕೇಳಿಯೂ ಕೇಳದಂತೆ ಮಗ್ಗುಲಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಖಳ ಎಂಬುದೇ ನೋಡುವವರ ಕಣ್ಣಿಗೆ ಬಿಟ್ಟದ್ದು ಎನ್ನುವವರೂ ಇದ್ದಾರೆ. ತುಂಗಭದ್ರೆಯ ದಂಡೆಯ ಹಮ್ಮಿಗಿಯ ಕೆಂಚನಗೌಡ, ಮುಂಡರಗಿಯ ಭೀಮರಾಯನ ಜೊತೆ ಬಂಡೆದ್ದು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದವನು. ಕಂಪನಿ ಸರ್ಕಾರಕ್ಕೆ ಅವನು ದಂಗೆಕೋರ, ನಮಗೆ ಹುತಾತ್ಮ. ಹೌದು, ಬಂಡಾಯಗಾರನ ಹೆಸರು ಲೇಖನಿ ಹಿಡಿದವನ ಮೇಲೆ ನಿಂತಿರುತ್ತದೆ, ಏಕೆಂದರೆ ಅಲ್ಲಿ ಜಗಳವಿರುವುದೇ ಅಧಿಕಾರ ಯಾರದೆಂಬುದರ ಮೇಲೆ. ಬೆಲಿಕ್ ಯಾವ ಸರ್ಕಾರದ ಪರವೂ ಅಲ್ಲ, ವಿರುದ್ಧವೂ ಅಲ್ಲ. ಸಂಬಳ ಕೊಡುವ ಇಲಾಖೆಯ ಕಣ್ಣಿಗೂ, ಕೈದಿಯ ಕಣ್ಣಿಗೂ ಅವನ ಮಾಮೂಲು ಮಾಮೂಲೇ.

ಸಮವಸ್ತ್ರ ತೊಟ್ಟರೆ ಯಾರಾದರೂ ಹಾಗಾಗುತ್ತಾರೆ ಎಂಬ ಮಾತಿಗೆ, ಯುವಕರಿಗೆ ಕಾವಲಿನವರ ಮತ್ತು ಕೈದಿಗಳ ಪಾತ್ರ ಹಂಚಿದ 1971ರ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಸಾಕ್ಷಿಗೆ ತರುವುದುಂಟು. ಎರಡು ವಾರ ನಡೆಯಬೇಕಿದ್ದ ಆ ಪ್ರಯೋಗ ಆರು ದಿನಕ್ಕೆ ನಿಂತಿತು. ಆದರೆ ಅಲ್ಲಿನ ಅತಿ ಕ್ರೂರ ಕಾವಲುಗಾರನೆನಿಸಿಕೊಂಡ ಯುವಕ, ‘ಕೂಲ್ ಹ್ಯಾಂಡ್ ಲ್ಯೂಕ್’ ಸಿನಿಮಾದ ಜೈಲಧಿಕಾರಿಯನ್ನು ನೋಡಿ ತಾನು ಆ ವೇಷ ಕಟ್ಟಿದೆನೆಂದು ಆಮೇಲೆ ಹೇಳಿದ. ಕಾವಲಿನವರಿಗೆ ಪ್ರಯೋಗ ನಡೆಸಿದವರೇ ಸೂಚನೆ ಕೊಟ್ಟಿದ್ದರೆಂದು ಫ್ರಾನ್ಸಿನ ಸಂಶೋಧಕ ತಿಬೊ ಲ ತೆಕ್ಸಿಯೆ 2018ರಲ್ಲಿ ದಾಖಲೆ ಸಮೇತ ತೋರಿಸಿದರು. ಅದೇ ಸಮವಸ್ತ್ರ ತೊಟ್ಟು ಕೈದಿಗಳೊಂದಿಗೆ ಮೆದುವಾಗಿ ನಡೆದುಕೊಂಡ ಯುವಕರೂ ಅಲ್ಲಿದ್ದರು. ಹೀಗಾಗಿ ಪರದೆಯ ಮೇಲೆ ಕಾವಲಿನವನನ್ನು ಹೇಗೆ ಚಿತ್ರಿಸುತ್ತೇವೆ ಎಂಬುದು ಹಗುರವಾದ ಸಂಗತಿಯಲ್ಲ. ಅಬ್ಬರವೇ ಆ ಹುದ್ದೆಯ ಲಕ್ಷಣವೆಂದು ತೋರಿಸಿದರೆ ಯಾರೋ ಅದನ್ನು ಕಲಿಯುತ್ತಾರೆ.

ಧಾರಾವಾಹಿಯ ಮುಂದಿನ ಕಂತುಗಳಲ್ಲಿ ಬೆಲಿಕ್ ನೌಕರಿ ಕಳೆದುಕೊಳ್ಳುತ್ತಾನೆ, ತಾನೇ ಕೈದಿಯಾಗಿ ಫಾಕ್ಸ್ ರಿವರ್‌ಗೆ ಮರಳುತ್ತಾನೆ, ಪನಾಮಾದ ಜೈಲಿನಲ್ಲಿ ಅರೆಬೆತ್ತಲೆಯ ಅವಮಾನ ಉಣ್ಣುತ್ತಾನೆ, ಕೊನೆಗೆ ಜೊತೆಗಾರರಿಗಾಗಿ ಪ್ರಾಣ ಕೊಡುತ್ತಾನೆ. ಹಾಗಾದರೆ ಅವನು ಖಳನಲ್ಲವಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಸಾವು ಅವನ ಒಳ್ಳೆಯತನವನ್ನು ತೋರಿಸುತ್ತದೆ, ಫಾಕ್ಸ್ ರಿವರ್‌ನ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ. ಖಳತನವನ್ನು ನಾನು ಅವನ ಹುಟ್ಟುಗುಣದಲ್ಲಿ ಹುಡುಕುತ್ತಿಲ್ಲ, ಬೀಗದ ಕೈ ಹಿಡಿದಿದ್ದಾಗ ಅವನು ಮಾಡಿದ ಕೆಲಸದಲ್ಲಿ ಕಾಣುತ್ತಿದ್ದೇನೆ. 2022ರ ಅಂಕಿಅಂಶದ ಪ್ರಕಾರ ಭಾರತದ ಜೈಲುಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು, ಅಪರಾಧಿಯೆಂದು ಸಾಬೀತಾಗದವರು. ಅಷ್ಟು ಜನರ ಅನ್ನ, ನೀರು, ಔಷಧಿ, ಮನೆಯವರ ಭೇಟಿ ಎಲ್ಲವೂ ದಿನನಿತ್ಯ ಒಬ್ಬ ವಾರ್ಡರನ ಕೈದಾಟಿಯೇ ಹೋಗಬೇಕು.