ಧೂಳಿನ ಪಾಪ ಯಾರ ಲೆಕ್ಕಕ್ಕೆ?

ಗದಗ ಜಿಲ್ಲೆಯ ಮುಂಡರಗಿ ಕಡೆ ಬೋರ್ ಹೊಡೆಸುವುದೆಂದರೆ ಅರ್ಧ ದೇವರ ಕೆಲಸ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಡುತ್ತಾರೆ. ಗಾಡಿ ಬಂದ ಮೇಲೆ ಗಂಗವ್ವನ ಪೂಜೆ, ಊದುಬತ್ತಿ, ಟೈರಿನಡಿ ಲಿಂಬೆಹಣ್ಣು. ಕಂಪ್ರೆಸರ್ ಶುರುವಾದರೆ ಪಕ್ಕದವರ ಮಾತೂ ಕೇಳಿಸದು. ಬಿಟ್ ಮಣ್ಣು ದಾಟಿ ಬಂಡೆಗೆ ತಾಗಿದೊಡನೆ ಕೇಸಿಂಗ್ ಪೈಪಿನ ಬಾಯಿಂದ ಬಿಳಿ ಧೂಳು ಏಳುತ್ತದೆ. ಹೊಲದ ಯಜಮಾನರು ಗಾಳಿಗೆ ಬೆನ್ನು ಮಾಡಿ ಬೇವಿನ ನೆರಳಿಗೆ ಸರಿಯುತ್ತಾರೆ. ರಾಡು ಜೋಡಿಸುವ ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ಅಲ್ಲೇ ನಿಲ್ಲಬೇಕು. ನೀರು ಬಿದ್ದರೆ ಧೂಳು ಕೆಸರಾದೀತು, ಬೀಳದಿದ್ದರೆ ಕೊನೆಯ ಅಡಿಯವರೆಗೂ ಧೂಳೇ.

ಅವರ ಬಗ್ಗೆ ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಅವ್ರಿಗೆ ರೂಢಿ ಆಗೇತ್ರಿ. ಹೊಟ್ಟಿಪಾಡು, ಹಣೆಬರಹ."

ಶ್ವಾಸಕೋಶಕ್ಕೆ ರೂಢಿ ಎಂಬುದಿಲ್ಲ. ಬಂಡೆಯ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಒಳಗಿಳಿದು ಅಲ್ಲೇ ಗಾಯ ಮಾಡುತ್ತದೆ. ಟವೆಲ್ಲಿನ ನೇಯ್ಗೆ ಅದನ್ನು ತಡೆಯದು. ಹೀಗೆ ಬರುವ ಸಿಲಿಕೋಸಿಸ್ ರೋಗ ಸಾಮಾನ್ಯವಾಗಿ ವರ್ಷಗಟ್ಟಲೆ ಕಳೆದ ಮೇಲೆ ತಲೆಯೆತ್ತುತ್ತದೆ, ವಾಸಿಯಾಗುವುದಿಲ್ಲ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಇದು ನಮಗೆ ಹೊಸ ಸುದ್ದಿಯೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 46ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಈ ರೋಗವಿತ್ತು.

ಮುಂಡರಗಿ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ನೀರು ಕೆಡಿಸಲು ಕಾರ್ಖಾನೆಯೇ ಬೇಕಿಲ್ಲ, ಬಂಡೆಯಲ್ಲೇ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಹಳದಿಗಟ್ಟಿ, ಮುಂದೆ ಮೂಳೆಗೂ ಪೆಟ್ಟು ಬೀಳಬಹುದು. ಮೇಲಿನ ನೀರು ಬತ್ತಿದಷ್ಟೂ ಬೋರು ಆಳಕ್ಕೆ ಹೋಗುತ್ತದೆ. ಆಳ ಹೆಚ್ಚಿದಷ್ಟೂ ಬಂಡೆಯ ಪುಡಿ ಹೆಚ್ಚು. ಊರಿನವರಿಗೆ ಫ್ಲೋರೈಡ್, ಕೊರೆಯುವವರಿಗೆ ಧೂಳು.

ಈ ಧೂಳಿನ ಪಾಪ ಯಾರಿಗೆ? ಕೊರೆದವನಿಗೋ, ಕೊರೆಸಿದವನಿಗೋ? ಈ ಮಣ್ಣಿನಲ್ಲಿ ಬಾಳಿದ ಧರ್ಮಗಳು ಇಂಥದ್ದನ್ನು ಬಹಳ ಹಿಂದೆಯೇ ಜಗ್ಗಾಡಿವೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತಾರಾದೇವಿಯ ಬೌದ್ಧ ವಿಹಾರವಿತ್ತೆಂದು 1095ರ ಶಾಸನ ಹೇಳುತ್ತದೆ. ಬೌದ್ಧರು ಕರ್ಮವನ್ನು ಉದ್ದೇಶದ ಮೇಲೆ ತೂಗಿದವರು. ಕೇಡು ಬಗೆಯದ ಯಜಮಾನನಿಗೆ ಅಲ್ಲಿ ಕೊಂಚ ಆಸರೆ ಸಿಕ್ಕೀತು.

ಶಂಖ ಬಸದಿಯಿರುವ ಲಕ್ಷ್ಮೇಶ್ವರಕ್ಕೆ ಬಂದರೆ ಆ ಆಸರೆ ಉಳಿಯುವುದಿಲ್ಲ. ಜೈನರಲ್ಲಿ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಮೂರೂ ಲೆಕ್ಕಕ್ಕೆ ಬರುತ್ತವೆ. ನೆಲ ಅಗೆದು ಕಲ್ಲು ಒಡೆಯುವ ಕಸುಬನ್ನು ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ಸಲ್ಲದ ಹದಿನೈದು ಕಸುಬುಗಳಲ್ಲಿ ಸೇರಿಸಿದವರು ಅವರು. ಕೂಲಿಯವನ ಕೈಯಿಂದ ಮಾಡಿಸಿ ತಾನು ಶುದ್ಧ ಎನ್ನುವ ದಾರಿಯನ್ನೂ ಮುಚ್ಚಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ವ್ಯಾಖ್ಯಾನದೊಳಗೇ ಎಚ್ಚರಗೇಡಿತನವನ್ನು ಇಟ್ಟಿದೆ. ಕುಂದಕುಂದಾಚಾರ್ಯರು ಇನ್ನೂ ಮುಂದೆ ಹೋಗುತ್ತಾರೆ: ಎಚ್ಚರದಿಂದ ನಡೆಯುವ ಮುನಿಯ ಕಾಲಡಿ ಹುಳು ಸತ್ತರೂ ಕರ್ಮಬಂಧವಿಲ್ಲ, ಎಚ್ಚರವಿಲ್ಲದವನಿಗೆ ಯಾವ ಜೀವ ಸಾಯದಿದ್ದರೂ ದೋಷ ತಪ್ಪದು. "ನಮ್ಮ ಹೊಲದಾಗ ಯಾರೂ ಸತ್ತಿಲ್ಲ" ಎಂಬ ಮಾತು ಇವರ ಮುಂದೆ ನಿಲ್ಲುವುದಿಲ್ಲ. ರಾಡು ಜೋಡಿಸುವ ಹುಡುಗ ಕೆಮ್ಮಲು ಶುರುಮಾಡುವ ಹೊತ್ತಿಗೆ ಛತ್ತೀಸಗಡದಲ್ಲೋ ಒಡಿಶಾದಲ್ಲೋ ತನ್ನ ಊರಿನಲ್ಲಿರುತ್ತಾನೆ. ಮುಂಡರಗಿ ಕಡೆಯ ಯಾವ ಹೊಲದ ಧೂಳು ಅದೆಂದು ಯಾವ ಎಕ್ಸ್‌ರೇಯೂ ಹೇಳಲಾರದು.

ಇನ್ನು ಶರಣರ ಕಾಯಕ ತತ್ತ್ವ. ಗದಗಿನಲ್ಲಿ ಅದು ಬರೀ ಪ್ರವಚನದ ಮಾತಾಗಿ ಉಳಿದಿಲ್ಲ. ಹಳ್ಳಿಗುಡಿಯ ಜಮೀನಿಗಾಗಿ 2011ರಲ್ಲಿ ಉಕ್ಕಿನ ಕಂಪನಿ ಪೋಸ್ಕೊ ವಿರುದ್ಧ ಎದ್ದ ಹೋರಾಟದ ಮುಂಚೂಣಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನಿಂತರು; ಕಂಪನಿ 2013ರಲ್ಲಿ ಹಿಂದೆ ಸರಿಯಿತು. ಜನ, ಮಠ ಸೇರಿ ಹಟ ಹಿಡಿದಿದ್ದರಿಂದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಹೊಲಕ್ಕಾಗಿ, ಗುಡ್ಡಕ್ಕಾಗಿ ಬೀದಿಗಿಳಿದ ಈ ಧರ್ಮಪ್ರಜ್ಞೆ ಬೋರ್ ಗಾಡಿಯ ಹತ್ತಿರ ಬಂದಾಗ ಮಾತ್ರ ಕಾಯಿ ಒಡೆದು ಸುಮ್ಮನಾಗುತ್ತದೆ. ಕಾಯಕವನ್ನು ಹೊಗಳುವುದು ಸುಲಭ, ಅದರಲ್ಲೂ ಬೇರೆಯವರ ಕಾಯಕವನ್ನು.

ಕಾನೂನೂ ಇಲ್ಲಿ ಅರೆಗಣ್ಣು. ಸುಪ್ರೀಂ ಕೋರ್ಟಿನ 2010ರ ಮಾರ್ಗಸೂಚಿ ಮಕ್ಕಳು ಕೊಳವೆಬಾವಿಗೆ ಬೀಳದಂತೆ ಬೇಲಿ, ಫಲಕ, ಮುಚ್ಚಳ ಕೇಳಿತು, ಕೇಳಬೇಕಾದದ್ದೇ. ಕೊರೆಯುವವನ ಉಸಿರು ಅದರ ವಿಷಯವಾಗಿರಲಿಲ್ಲ. ಅಪಾಯದ ಕೆಲಸಕ್ಕೆ ಬೇರೆಡೆ ಇರುವ ಕಟ್ಟಳೆ ನೋಡಿ: ಅಮೆರಿಕದಲ್ಲಿ ವಿಷತ್ಯಾಜ್ಯದ ನೆಲ ಶುಚಿಮಾಡುವ ಕೆಲಸಕ್ಕೆ ಇಳಿಯುವವರಿಗೆ 40 ತಾಸಿನ ತರಬೇತಿ, ಮೇಲೆ ಮೂರು ದಿನ ಮೇಲ್ವಿಚಾರಣೆಯಲ್ಲಿ ಕೆಲಸ ಕಡ್ಡಾಯ.

ಇಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಕೊರೆಯುವ ಗಾಳಿಯ ಜೊತೆ ಸ್ವಲ್ಪ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಈ ಬೇಸಿಗೆಯಲ್ಲಿ ಬೋರ್ ಹೊಡೆಸುವವರು ಏಜೆಂಟರ ಜೊತೆ ಅಡಿ ದರ ಮಾತಾಡುವಾಗಲೇ ಆ ನೀರಿನ ಮಾತನ್ನೂ ಆಡಲಿ. ಪೂಜೆಯ ಸಾಮಾನಿನ ಚೀಟಿಯಲ್ಲಿ ಗಾಡಿಯ ಹುಡುಗರಿಗೆ ಒಬ್ಬೊಬ್ಬರಿಗೆ ಒಂದರಂತೆ ಎನ್-95 ಮಾಸ್ಕ್, ಒಂದು ಕ್ಯಾನ್ ಶುದ್ಧ ಕುಡಿಯುವ ನೀರು ಬರೆಸಲಿ.